ಗ್ರೆಗೋರಿಯನ್ ಗಾನದಿಂದ ಬಾಖ್‌ವರೆಗಿನ ಪದಗಳು: ನೀವು ಹೇಗೆ ಕಲಿತಿರಿ?

ಕೇಳಿದವರು: ಬೆಂಗಳೂರಿನ ಪಿಟೀಲು ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ಆರು ವರ್ಷ ಕರ್ನಾಟಕ ಸಂಗೀತದ ಹಾಡುಗಾರಿಕೆ ಕಲಿತು, ಕಾಲೇಜಿಗೆ ಸೇರಿದ ಮೇಲೆ ಪಾಶ್ಚಾತ್ಯ ಪದ್ಧತಿಯ ಪಿಟೀಲಿಗೆ ಬಂದವಳು ನಾನು. ನುಡಿಸುವ ಪರೀಕ್ಷೆಯ ಬಗ್ಗೆ ನನಗೆ ಭಯವಿಲ್ಲ. ಈಗ ಎದುರಾಗಿರುವುದು ಸಂಗೀತ ಚರಿತ್ರೆಯ ಲಿಖಿತ ಪರೀಕ್ಷೆ. ಮಧ್ಯಯುಗದ ಚರ್ಚಿನ ಗಾನದಿಂದ ಹಿಡಿದು 1750ರಲ್ಲಿ ಜರ್ಮನ್ ಸಂಯೋಜಕ ಬಾಖ್ ತೀರಿಕೊಳ್ಳುವವರೆಗಿನ ಅವಧಿಗೆ ನೂರಮೂವತ್ತು ಪಾರಿಭಾಷಿಕ ಪದಗಳ ಪಟ್ಟಿ ಕೊಟ್ಟಿದ್ದಾರೆ.

ಪ್ರತಿ ಪದಕ್ಕೂ ಒಂದು ರಟ್ಟಿನ ಚೀಟಿ ಮಾಡಿದ್ದೇನೆ. ಮುಂದೆ ಪದ, ಹಿಂದೆ ಅರ್ಥ. ರಾತ್ರಿ ಒಪ್ಪಿಸಿದರೆ ಎಲ್ಲ ಸರಿಯಾಗಿ ಬರುತ್ತದೆ. ಬೆಳಿಗ್ಗೆ ಎದ್ದರೆ ಆರ್ಗನಮ್, ಕ್ಲಾಸುಲಾ, ಕಂಡಕ್ಟಸ್, ಮೊಟೆಟ್ ನಾಲ್ಕೂ ಕಲಸುಮೇಲೋಗರ. ಅದಕ್ಕಿಂತ ಹೆಚ್ಚು ಕಾಡುವುದು, ಒಂದೇ ಪದಕ್ಕೆ ಎರಡು ಪುಸ್ತಕಗಳಲ್ಲಿ ಎರಡು ಅರ್ಥ ಸಿಗುವುದು. ಟೆನರ್ ಎಂದರೆ ಗಂಡಸರ ಎತ್ತರದ ಕಂಠ ಎಂದು ಒಂದು ಕಡೆ, ಉದ್ದುದ್ದ ಸ್ವರ ಹಿಡಿಯುವ ಕೆಳಗಿನ ಧಾಟಿ ಎಂದು ಇನ್ನೊಂದು ಕಡೆ. ಯಾವುದನ್ನು ಬರೆಯಬೇಕು? ವ್ಯಾಖ್ಯೆಗಳು ನನ್ನ ಬಳಿ ಇವೆ. ಇದನ್ನು ಓದಿ ದಾಟಿದವರು, ಹಾಡಿದವರು, ನುಡಿಸಿದವರು ನಿಮ್ಮ ಅನುಭವ ಹೇಳಿದರೆ ದೊಡ್ಡ ಉಪಕಾರ.

ಲೈಪ್‌ಜಿಗ್‌ನಲ್ಲಿ ಸಂಗೀತ ಚರಿತ್ರೆ ಓದುತ್ತಿರುವ ಶಿವಮೊಗ್ಗದವನು

ನಿಮ್ಮ ಎರಡನೆಯ ತೊಂದರೆಯೇ ಮೊದಲನೆಯದಕ್ಕೆ ಮದ್ದು. ಈ ಪಟ್ಟಿಯ ಯಾವ ಪದ ಕಂಡರೂ "ಎಂದರೇನು" ಎಂದು ಕೇಳುವ ಮೊದಲು "ಯಾವ ಕಾಲದಲ್ಲಿ" ಎಂದು ಕೇಳಿ. ಈ ಪದಗಳು ಒಂದೇ ಅರ್ಥದಲ್ಲಿ ಆರುನೂರು ವರ್ಷ ಕುಳಿತಿಲ್ಲ. ನನಗೆ ಇದು ಅಂಕ ಕಳೆದುಕೊಂಡ ಮೇಲೆ ಗೊತ್ತಾಯಿತು. ಮೊದಲ ವರ್ಷದಲ್ಲಿ ಹದಿಮೂರನೆಯ ಶತಮಾನದ ಮೊಟೆಟ್ ಬಗ್ಗೆ ಪ್ರಶ್ನೆ ಬಂತು. ನಾನು ವಾದ್ಯವಿಲ್ಲದೆ ಹಾಡುವ ಲ್ಯಾಟಿನ್ ಭಕ್ತಿಗೀತೆ ಎಂದು ಎರಡು ಪುಟ ಬರೆದೆ. ಅದು ಹದಿನಾರನೆಯ ಶತಮಾನದ ಮೊಟೆಟ್. ಕೇಳಿದ್ದು ಬೇರೆಯೇ ವಸ್ತು.

ನೀವು ಹೇಳಿದ ನಾಲ್ಕು ಪದಗಳನ್ನು ಬಿಡಿಬಿಡಿಯಾಗಿ ಕಲಿಯಬೇಡಿ. ಅವುಗಳಲ್ಲಿ ಮೂರು ಒಂದೇ ಮನೆಯ ಮೂರು ತಲೆಮಾರು. ಪ್ಯಾರಿಸ್‌ನಲ್ಲಿ 1163ರಲ್ಲಿ ನೋತ್ರ್ ದಾಮ್ ಚರ್ಚಿನ ಕಟ್ಟಡ ಶುರುವಾಯಿತು. ಅಲ್ಲಿನ ಗಾಯಕರು ಹಳೆಯ ಗ್ರೆಗೋರಿಯನ್ ಗಾನದ ಒಂದು ತುಂಡನ್ನು ತೆಗೆದುಕೊಂಡು ಅದರ ಒಂದೊಂದು ಸ್ವರವನ್ನೂ ಬಹಳ ಹೊತ್ತು ಎಳೆದು ಹಿಡಿದರು. ಹಿಡಿಯುವುದಕ್ಕೆ ಲ್ಯಾಟಿನ್‌ನಲ್ಲಿ ತೆನೇರೆ. ಹಿಡಿದವನು ಟೆನರ್. ಅದರ ಮೇಲೆ ಇನ್ನೊಂದು ಧ್ವನಿ ಸ್ವತಂತ್ರವಾಗಿ ಹರಿದಾಡುತ್ತದೆ. ಅದು ಆರ್ಗನಮ್. ಈ ಪದವೂ ಅಲ್ಲಿ ಹುಟ್ಟಿದ್ದಲ್ಲ. ಒಂಬತ್ತನೆಯ ಶತಮಾನದ ಬೋಧನಾಗ್ರಂಥದಲ್ಲಿ ಆರ್ಗನಮ್ ಎಂದರೆ ಒಂದೇ ಹಾಡನ್ನು ನಾಲ್ಕು ಅಥವಾ ಐದು ಸ್ವರಗಳ ಅಂತರದಲ್ಲಿ ಇಬ್ಬರು ಜೊತೆಜೊತೆಯಾಗಿ ಹಾಡುವುದು, ಅಷ್ಟೇ.

ಪ್ಯಾರಿಸ್ ಆರ್ಗನಮ್ಮಿನ ಕೆಲವು ಕಡೆ ಟೆನರ್ ಎಳೆಯುವುದನ್ನು ಬಿಟ್ಟು ತಾನೂ ಲಯಬದ್ಧವಾಗಿ ಚಲಿಸುತ್ತದೆ. ಮೂಲ ಗಾನದಲ್ಲೇ ಒಂದು ಅಕ್ಷರಕ್ಕೆ ಹತ್ತಾರು ಸ್ವರಗಳಿರುವ ಜಾಗದಲ್ಲಿ ಹೀಗೆ ಮಾಡುತ್ತಾರೆ. ಅಲ್ಲೂ ಎಳೆಯುತ್ತ ಕೂತರೆ ಪೂಜೆ ಮುಗಿಯುವುದಿಲ್ಲವಲ್ಲ! ಆ ತುಂಡು ಕ್ಲಾಸುಲಾ. ಮುಂದೆ ಯಾರೋ ಆ ಕ್ಲಾಸುಲಾದ ಮೇಲಿನ ಧ್ವನಿಗೆ ಹೊಸ ಮಾತುಗಳನ್ನು ಜೋಡಿಸಿದರು. ಫ್ರೆಂಚ್‌ನಲ್ಲಿ ಮಾತಿಗೆ ಮೊ. ಅದರಿಂದ ಮೊಟೆಟ್. ಸ್ವಲ್ಪ ಕಾಲದಲ್ಲಿ ಎರಡು ಮೇಲಿನ ಧ್ವನಿಗಳಿಗೆ ಎರಡು ಬೇರೆ ಕವಿತೆ, ಕೆಲವೊಮ್ಮೆ ಫ್ರೆಂಚ್ ಪ್ರೇಮಗೀತೆ. ಕೆಳಗೆ ಅದೇ ಚರ್ಚಿನ ಲ್ಯಾಟಿನ್ ಟೆನರ್. ಇದೇ ನನ್ನ ಉತ್ತರಪತ್ರಿಕೆಯಲ್ಲಿ ಇರಬೇಕಾಗಿದ್ದ ಮೊಟೆಟ್. ಕಂಡಕ್ಟಸ್ ಮಾತ್ರ ಈ ಮನೆಯದಲ್ಲ. ಅದಕ್ಕೆ ಹಳೆಯ ಗಾನದ ಆಧಾರವಿಲ್ಲ. ಲ್ಯಾಟಿನ್ ಪದ್ಯಕ್ಕೆ ಹೊಸದಾಗಿ ರಚಿಸಿದ ಸಂಗೀತ, ಎಲ್ಲ ಧ್ವನಿಗಳೂ ಒಂದೇ ಮಾತನ್ನು ಒಟ್ಟಿಗೆ ಹೇಳುತ್ತವೆ.

ನೋತ್ರ್ ದಾಮ್‌ನ ಇಬ್ಬರು ಸಂಯೋಜಕರಲ್ಲಿ ಲೆಯೊನಿನ್ ಎಂದರೆ ಎರಡು ಧ್ವನಿ, ಪೆರೊಟಿನ್ ಎಂದರೆ ಮೂರು ಮತ್ತು ನಾಲ್ಕು ಎಂದು ನೆನಪಿಡಿ. ಈ ಇಬ್ಬರ ಹೆಸರು ನಮಗೆ ತಿಳಿದಿರುವುದು ಮುಂದಿನ ಶತಮಾನದ ಒಬ್ಬ ಅನಾಮಧೇಯನ ಬರಹದಿಂದ. ಅವನನ್ನು ನಾಲ್ಕನೆಯ ಅನಾಮಿಕ ಎಂದೇ ಕರೆಯುತ್ತಾರೆ. ಬಹುಶಃ ಪ್ಯಾರಿಸ್‌ಗೆ ಓದಲು ಬಂದ ಇಂಗ್ಲಿಷ್ ವಿದ್ಯಾರ್ಥಿ. ನಿಮ್ಮಂತೆ ಒಬ್ಬರು ಟಿಪ್ಪಣಿ ಬರೆದಿಟ್ಟದ್ದರಿಂದ ಆ ಹೆಸರುಗಳು ಉಳಿದವು. ಪೆರೊಟಿನನ ನಾಲ್ಕು ಧ್ವನಿಗಳ ವಿದೆರುಂತ್ ಓಮ್ನೆಸ್ ಒಮ್ಮೆ ಕೇಳಿ. "ವಿ" ಎಂಬ ಒಂದೇ ಅಕ್ಷರದ ಮೇಲೆ ಮೂರು ಧ್ವನಿಗಳು ಕುಣಿಯುತ್ತಲೇ ಇರುತ್ತವೆ. ಟೆನರ್ ಮುಂದಿನ ಸ್ವರಕ್ಕೆ ಕಾಲಿಟ್ಟ ಕ್ಷಣ ಇಡೀ ಕಟ್ಟಡವೇ ಹೊರಳಿದಂತೆ ಅನ್ನಿಸುತ್ತದೆ. ಆಮೇಲೆ ಆರ್ಗನಮ್ ಮರೆಯುವುದಿಲ್ಲ.

ಇಲ್ಲಿ ಲೈಪ್‌ಜಿಗ್‌ನಲ್ಲಿ ಬಾಖ್ ಕೆಲಸ ಮಾಡಿದ ಸಂತ ಥಾಮಸ್ ಚರ್ಚಿನಲ್ಲಿ ಶುಕ್ರವಾರ ಮತ್ತು ಶನಿವಾರ ಹುಡುಗರ ಗಾಯಕವೃಂದ ಹಾಡುತ್ತದೆ. ಆ ಪ್ರಾರ್ಥನೆಯ ಹೆಸರೇ ಮೊಟೆಟ್. ಎಂಟುನೂರು ವರ್ಷದಲ್ಲಿ ಒಂದು ಪದ ಎಷ್ಟು ದೂರ ನಡೆದಿದೆ ನೋಡಿ.

ಮಂಗಳೂರಿನ ಚರ್ಚ್ ಗಾಯಕವೃಂದದ ಹಿರಿಯ

ಮಗಳೇ, ನನಗೆ ಎಪ್ಪತ್ತು ದಾಟಿದೆ. ನನ್ನ ಬಾಲ್ಯದಲ್ಲಿ ನಮ್ಮ ಊರಿನ ಬಲಿಪೂಜೆ ಲ್ಯಾಟಿನ್ ಭಾಷೆಯಲ್ಲಿತ್ತು. 1960ರ ದಶಕದ ವ್ಯಾಟಿಕನ್ ಸಭೆಯ ಬಳಿಕ ನಮ್ಮ ನಮ್ಮ ಭಾಷೆಗೆ ಬಂತು. ಆದ್ದರಿಂದ ನಿನ್ನ ಪಟ್ಟಿಯ ಮೊದಲ ಮೂವತ್ತು ಪದಗಳು ನನಗೆ ಪುಸ್ತಕದಿಂದ ಬಂದವಲ್ಲ, ಅಜ್ಜಿಯ ಕೈ ಹಿಡಿದು ನಿಂತ ಜಾಗದಿಂದ ಬಂದವು.

ಮಾಸ್, ಅಂದರೆ ಬಲಿಪೂಜೆ, ಎಂಬ ಚೀಟಿಯನ್ನು ಮೊದಲು ಗಟ್ಟಿ ಮಾಡಿಕೊ. ಪೂಜೆಯಲ್ಲಿ ಎರಡು ಬಗೆಯ ಹಾಡುಗಳಿವೆ. ಕೆಲವು ನಿತ್ಯದವು, ಯಾವ ದಿನವಾದರೂ ಮಾತು ಬದಲಾಗುವುದಿಲ್ಲ: ಕೀರಿಯೆ, ಗ್ಲೋರಿಯಾ, ಕ್ರೇದೊ, ಸಾಂಕ್ತುಸ್, ಆಗ್ನುಸ್ ದೇಯಿ. ಇವು ಆರ್ಡಿನರಿ. ಲ್ಯಾಟಿನ್ ಪೂಜೆಯ ನಡುವೆ ಕೀರಿಯೆ ಮಾತ್ರ ಗ್ರೀಕ್. ಇನ್ನು ಕೆಲವು ದಿನವಿಶೇಷದವು. ಕ್ರಿಸ್ಮಸ್‌ಗೆ ಒಂದು, ಈಸ್ಟರ್‌ಗೆ ಒಂದು, ಸಂತರ ಹಬ್ಬಕ್ಕೆ ಇನ್ನೊಂದು: ಇಂಟ್ರೋಯಿಟ್, ಗ್ರಾಜುಯಲ್, ಅಲ್ಲೆಲೂಯ ಮುಂತಾದವು. ಇವು ಪ್ರಾಪರ್. ಮುಂದೆ ಸಂಯೋಜಕರೆಲ್ಲ ಆರ್ಡಿನರಿಗೇ ಸಂಗೀತ ಹಾಕಿದ್ದೇಕೆ ಎಂಬ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಕಷ್ಟಪಟ್ಟು ರಚಿಸಿದ್ದು ವರ್ಷಕ್ಕೆ ಒಮ್ಮೆ ಮಾತ್ರ ಹಾಡುವಂತಾಗಬಾರದು. ಹದಿನಾಲ್ಕನೆಯ ಶತಮಾನದಲ್ಲಿ ಗಿಯೋಮ್ ದ ಮಾಶೋ ಇಡೀ ಆರ್ಡಿನರಿಯನ್ನು ನಾಲ್ಕು ಧ್ವನಿಗಳಲ್ಲಿ ರಚಿಸಿದ. ಒಬ್ಬನೇ ಸಂಯೋಜಕ ಪೂರ್ತಿಯಾಗಿ ಹಾಗೆ ಮಾಡಿದ್ದರಲ್ಲಿ ನಮಗೆ ತಿಳಿದಿರುವ ಮೊದಲನೆಯದು ಅದು.

ಸಿಲಬಿಕ್, ನ್ಯೂಮ್ಯಾಟಿಕ್, ಮೆಲಿಸ್ಮ್ಯಾಟಿಕ್ ಎಂಬ ಮೂರನ್ನು ಹಾಡಿಕೊಂಡೇ ಕಲಿಯಬೇಕು. ಕ್ರೇದೊದಲ್ಲಿ ಮಾತು ಬಹಳ, ಹಾಗಾಗಿ ಅಕ್ಷರಕ್ಕೆ ಒಂದೇ ಸ್ವರ. ಅದು ಸಿಲಬಿಕ್. ಎರಡು ಮೂರು ಸ್ವರ ಬಂದರೆ ನ್ಯೂಮ್ಯಾಟಿಕ್. ಅಲ್ಲೆಲೂಯದ ಕೊನೆಯ "ಯ"ದಲ್ಲಿ ಉಸಿರು ಮುಗಿಯುವವರೆಗೂ ಸ್ವರಗಳು ಬರುತ್ತಲೇ ಇರುತ್ತವೆ. ಅದು ಮೆಲಿಸ್ಮ್ಯಾಟಿಕ್.

ಅರೆಝ್ಝೊದ ಗ್ವಿದೊನ ಬಗ್ಗೆ ಪ್ರಶ್ನೆ ಬಂದೇ ಬರುತ್ತದೆ. ಸುಮಾರು 991ರಲ್ಲಿ ಹುಟ್ಟಿದ ಈ ಸನ್ಯಾಸಿ ನಮ್ಮಂಥ ಪಾಠ ಹೇಳುವವರಿಗೆಲ್ಲ ಗುರು. ಅವನಿಗೆ ಮೊದಲು ಹಾಡಿನ ಮೇಲೆ ನ್ಯೂಮ್ ಎಂಬ ಗುರುತುಗಳನ್ನು ಹಾಕುತ್ತಿದ್ದರು. ಧ್ವನಿ ಏರಿತು, ಇಳಿಯಿತು ಎಂದಷ್ಟೇ ಅವು ಹೇಳುತ್ತಿದ್ದವು. ಎಷ್ಟು ಎಂದು ಹೇಳುತ್ತಿರಲಿಲ್ಲ. ಬಾಯಿಪಾಠ ಬಂದವನಿಗೆ ಮಾತ್ರ ಉಪಯೋಗ. ಗ್ವಿದೊ ಗೆರೆಗಳನ್ನು ಎಳೆದು, ಎಫ್ ಗೆರೆಗೆ ಕೆಂಪು, ಸಿ ಗೆರೆಗೆ ಹಳದಿ ಬಣ್ಣ ಕೊಟ್ಟ. ಸಂತ ಯೊಹಾನನ ಸ್ತೋತ್ರವೊಂದರಲ್ಲಿ ಸಾಲಿನಿಂದ ಸಾಲಿಗೆ ಆರಂಭದ ಸ್ವರ ಒಂದೊಂದು ಮೆಟ್ಟಿಲು ಏರುತ್ತದೆ. ಆ ಸಾಲುಗಳ ಮೊದಲ ಅಕ್ಷರಗಳೇ ಉತ್, ರೆ, ಮಿ, ಫಾ, ಸೋಲ್, ಲಾ. ಏಳಲ್ಲ, ಆರು. ಆರರ ಆ ಗುಂಪು ಹೆಕ್ಸಕಾರ್ಡ್. "ಉತ್" ಮುಂದೆ "ದೋ" ಆಯಿತು, ಏಳನೆಯದು ತಡವಾಗಿ ಸೇರಿತು. ಹತ್ತು ವರ್ಷ ಹಿಡಿಯುತ್ತಿದ್ದ ಕಲಿಕೆ ಈಗ ಒಂದೆರಡು ವರ್ಷದಲ್ಲಿ ಮುಗಿಯುತ್ತದೆ ಎಂದು ಅವನೇ ಹೇಳಿಕೊಂಡಿದ್ದಾನೆ.

ಅವನ ಹೆಸರಿನಲ್ಲಿ ಒಂದು ಕೈಯ ಚಿತ್ರವೂ ಇದೆ. ಅವನ ಉಳಿದಿರುವ ಬರಹಗಳಲ್ಲಿ ಅದು ಸಿಗುವುದಿಲ್ಲ, ಆದರೂ ಗ್ವಿದೊನ ಕೈ ಎಂದೇ ಹೆಸರು. ಎಡಗೈ ಬೆರಳುಗಳ ಗೆಣ್ಣು, ತುದಿ, ಬುಡಗಳಿಗೆ ಒಂದೊಂದು ಸ್ವರ. ಗುರು ತನ್ನ ಅಂಗೈಯಲ್ಲಿ ಜಾಗ ತೋರಿಸಿದರೆ ಮಕ್ಕಳು ಆ ಸ್ವರ ಹಾಡಬೇಕು. ನಾನು ಭಾನುವಾರದ ತರಗತಿಯಲ್ಲಿ ಇದನ್ನು ಮಾಡಿಸುತ್ತೇನೆ. ಹೆಬ್ಬೆರಳ ತುದಿಯಿಂದ ಶುರುಮಾಡಿ ಬುಡಕ್ಕೆ ಇಳಿದು, ಅಲ್ಲಿಂದ ಬೆರಳುಗಳ ಬುಡದ ಗುಂಟ ಕಿರುಬೆರಳಿಗೆ ಹೋಗಿ, ಮೇಲೇರಿ, ಸುತ್ತುತ್ತ ಒಳಗೆ ಬರಬೇಕು. ಒಂದು ವಾರ ಚೀಟಿ ಬಿಟ್ಟು ಕೈ ಹಿಡಿದು ನೋಡು.

ಮೈಸೂರಿನ ಮೃದಂಗದ ಮೇಷ್ಟ್ರು

ನೋಡಿ ತಾಯಿ, ನೀವು ನಮ್ಮ ಸಂಗೀತದಿಂದ ಹೋದವರು. ನಾನೂ ಹಾಗೆಯೇ ಕುತೂಹಲಕ್ಕೆ ಇದನ್ನು ಓದಿದವನು. ನಮಗೆ ಹೋಲಿಕೆಗಳು ತಾವಾಗಿಯೇ ಬರುತ್ತವೆ. ಅವು ಬಾಗಿಲು ತೆರೆಯುತ್ತವೆ, ಆದರೆ ಒಳಗೆ ಹೋದ ಮೇಲೆ ಅವನ್ನು ಕೈಬಿಡಬೇಕು.

ಮೋಡ್ ತೆಗೆದುಕೊಳ್ಳಿ. ಡೋರಿಯನ್ ಸ್ವರಸ್ಥಾನಗಳು ನಮ್ಮ ಖರಹರಪ್ರಿಯದವು, ಫ್ರಿಜಿಯನ್ ಹನುಮತೋಡಿಯವು, ಲಿಡಿಯನ್ ಮೇಚಕಲ್ಯಾಣಿಯವು, ಮಿಕ್ಸೊಲಿಡಿಯನ್ ಹರಿಕಾಂಭೋಜಿಯವು. ಕಿವಿಗೆ ಇದು ದೊಡ್ಡ ಸಹಾಯ. ಆದರೆ ಪರೀಕ್ಷೆಯಲ್ಲಿ ಮೋಡ್ ಎಂದರೆ ಅವರ ರಾಗ ಎಂದು ಬರೆದರೆ ತಪ್ಪು. ಮೊದಲೇ ಇದ್ದ ಸಾವಿರಾರು ಗಾನಗಳನ್ನು ವಿಂಗಡಿಸಿ ಇಡಲು ಚರ್ಚಿನವರು ಮಾಡಿಕೊಂಡ ಎಂಟು ಗೂಡುಗಳು ಅವು. ಹಾಡು ಯಾವ ಸ್ವರದಲ್ಲಿ ನಿಲ್ಲುತ್ತದೆ, ಅದರ ಸಂಚಾರ ಎಷ್ಟು ಎಂಬುದೇ ಲೆಕ್ಕ. ನಿಲ್ಲುವ ಸ್ವರ ಒಂದೇ ಇದ್ದು ಸಂಚಾರ ಕೆಳಗಿದ್ದರೆ "ಹೈಪೊ" ಎಂದು ಸೇರಿಸುತ್ತಾರೆ. ಅಯೋನಿಯನ್, ಏಯೋಲಿಯನ್ ಎಂಬ ಹೆಸರುಗಳನ್ನು ಮಧ್ಯಯುಗದ ಉತ್ತರದಲ್ಲಿ ಬರೆಯಲೇಬೇಡಿ. ಅವನ್ನು ಸೇರಿಸಿ ಎಂಟನ್ನು ಹನ್ನೆರಡು ಮಾಡಿದ್ದು ಗ್ಲಾರಿಯಾನಸ್, 1547ರಲ್ಲಿ.

ಆರ್ಗನಮ್ಮಿನ ಟೆನರ್ ಕೇಳಿದಾಗ ತಂಬೂರಿಯ ನೆನಪಾಗುತ್ತದೆ. ತಂಬೂರಿ ಕಚೇರಿ ಮುಗಿಯುವವರೆಗೂ ಕದಲುವುದಿಲ್ಲ. ಆ ಟೆನರ್ ಕದಲುತ್ತದೆ, ಏಕೆಂದರೆ ಅದು ಎಳೆದು ಉದ್ದ ಮಾಡಿದ ಒಂದು ಹಾಡು.

ನನಗೆ ಅತ್ಯಂತ ಪ್ರೀತಿಯ ಪದ ಐಸೊರಿದಮ್, ಅಂದರೆ ಒಂದೇ ಲಯದ ಸಾಲು ಮತ್ತೆ ಮತ್ತೆ ಬರುವ ರಚನೆ. ಅದರಲ್ಲಿ ತಾಲೆಯಾ ಎಂಬ ಮಾತು ಬರುತ್ತದೆ. ಅದಕ್ಕೂ ನಮ್ಮ ತಾಳಕ್ಕೂ ಸಂಬಂಧವಿಲ್ಲ. ಲ್ಯಾಟಿನ್‌ನಲ್ಲಿ ಕತ್ತರಿಸಿದ ತುಂಡು ಎಂಬ ಅರ್ಥದ್ದು. ಪುನಃ ಪುನಃ ಬರುವ ಕಾಲಪ್ರಮಾಣಗಳ ಸಾಲು ತಾಲೆಯಾ. ಪುನಃ ಪುನಃ ಬರುವ ಸ್ವರಗಳ ಸಾಲು ಕೋಲೋರ್. ಎರಡರ ಉದ್ದ ಒಂದೇ ಇರಬೇಕಾಗಿಲ್ಲ. ಸ್ವರಗಳು ಆರು, ಕಾಲಪ್ರಮಾಣಗಳು ನಾಲ್ಕು ಎಂದು ಇಟ್ಟುಕೊಳ್ಳಿ. ಎರಡೂ ಒಟ್ಟಿಗೆ ಹೊರಟರೆ ಹನ್ನೆರಡನೆಯ ಸ್ವರ ಮುಗಿದಾಗಲೇ ಮತ್ತೆ ಒಟ್ಟಿಗೆ ಮೊದಲಿಗೆ ಬರುತ್ತವೆ. ಕೋಲೋರ್ ಎರಡು ಸುತ್ತು, ತಾಲೆಯಾ ಮೂರು ಸುತ್ತು. ಮೇಜಿನ ಮೇಲೆ ಬಲಗೈಯಲ್ಲಿ ನಾಲ್ಕರ ತಟ್ಟು ಹಾಕುತ್ತ ಬಾಯಲ್ಲಿ ಆರು ಸ್ವರ ಹೇಳಿ. ಎರಡು ಬಾರಿ ತಪ್ಪುತ್ತದೆ, ಮೂರನೆಯ ಬಾರಿ ಕೂಡುತ್ತದೆ. ಅಷ್ಟು ಸಾಕು.

ದ್ಯುಫಾಯ್ ರಚಿಸಿದ ನೂಪೆರ್ ರೋಸಾರುಮ್ ಫ್ಲೋರೆಸ್ ಎಂಬ ಮೊಟೆಟ್ ಇದೆ. 1436ರ ಮಾರ್ಚ್ 25ರಂದು ಫ್ಲಾರೆನ್ಸ್‌ನ ಮಹಾ ಚರ್ಚನ್ನು ಪೋಪ್ ನಾಲ್ಕನೆಯ ಯುಜೀನ್ ಪ್ರತಿಷ್ಠೆ ಮಾಡಿದಾಗ ಹಾಡಿದ್ದು. ಅದರಲ್ಲಿ ಕೆಳಗಿನ ಎರಡು ಧ್ವನಿಗಳು ಒಂದೇ ಸಾಮಗ್ರಿಯನ್ನು ನಾಲ್ಕು ಬಾರಿ, 6:4:2:3ರ ಅನುಪಾತದ ನಾಲ್ಕು ಕಾಲಗಳಲ್ಲಿ ಹಾಡುತ್ತವೆ. ಪಲ್ಲವಿಯನ್ನು ಮೂರು ಕಾಲದಲ್ಲಿ ಹಾಡುವುದನ್ನು ಕೇಳಿ ಬೆಳೆದ ನನಗೆ ಇದನ್ನು ಓದಿದ ದಿನ ನಿದ್ದೆ ಬರಲಿಲ್ಲ. ಒಂದು ವ್ಯತ್ಯಾಸ: ಪಲ್ಲವಿಯಲ್ಲಿ ಸಭೆ ಆ ಲೆಕ್ಕವನ್ನು ಕೈಯಲ್ಲಿ ಹಾಕುತ್ತ ಅನುಭವಿಸುತ್ತದೆ. ಅಲ್ಲಿ ಲೆಕ್ಕ ಅಡಿಪಾಯದಂತೆ ಕೆಳಗೆ ಅಡಗಿ ಕೂತಿರುತ್ತದೆ.

ಉಡುಪಿಯ ಶಿಕ್ಷಕಿ

ಚಿಕ್ಕದೊಂದು ಮಾತು, ಕೊರಾಲ್ ಬಗ್ಗೆ, ಅಂದರೆ ಲೂಥರನ ಸಭೆಗಳ ಕೀರ್ತನೆಯ ಬಗ್ಗೆ. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದ ಮೇಲೆ ಜರ್ಮನ್ ಧಾಟಿಗಳಿಗೆ ಕನ್ನಡ ಪದಗಳನ್ನು ಜೋಡಿಸಿದ ಕೀರ್ತನೆಗಳು ನಮ್ಮ ಸಭೆಗಳಲ್ಲಿ ಬೇರೂರಿದವು. ನಾವು ಅವನ್ನು ಸೊಪ್ರಾನೊ, ಆಲ್ಟೊ, ಟೆನರ್, ಬಾಸ್ ಎಂದು ನಾಲ್ಕು ಧ್ವನಿಗಳಲ್ಲಿ ಹಾಡುತ್ತೇವೆ. ಹಾಗಾಗಿ ಕೊರಾಲ್ ಎಂದರೆ ಮೊದಲಿನಿಂದಲೂ ನಾಲ್ಕು ಧ್ವನಿ ಎಂದೇ ತಿಳಿದಿದ್ದೆ. ಲೂಥರನ ಕಾಲದಲ್ಲಿ, 1524ರಲ್ಲಿ ಮೊದಲ ಕೀರ್ತನೆ ಪುಸ್ತಕಗಳು ಬಂದಾಗ, ಜನರು ಸೇರಿ ಹಾಡುತ್ತಿದ್ದದ್ದು ಒಂದೇ ಧಾಟಿಯಲ್ಲಿ. ಬಾಖ್‌ನ ನಾಲ್ಕು ಧ್ವನಿಗಳ ಜೋಡಣೆ ಇನ್ನೂರು ವರ್ಷ ಈಚಿನದು. ಲೈಪ್‌ಜಿಗ್‌ನವರು ಹೇಳಿದ "ಯಾವ ಕಾಲದಲ್ಲಿ" ಎಂಬ ಪ್ರಶ್ನೆ ಇಲ್ಲಿಯೂ ಸಲ್ಲುತ್ತದೆ.

ಕೇಳಿದವರು

ಓದುತ್ತ ಓದುತ್ತ ಗಂಟಲು ಕಟ್ಟಿತು. ಎಲ್ಲರಿಗೂ ಕೃತಜ್ಞತೆ. ಚೀಟಿಗಳನ್ನು ಅಕಾರಾದಿಯಿಂದ ತೆಗೆದು ಕಾಲಕ್ರಮದಲ್ಲಿ ಜೋಡಿಸುತ್ತಿದ್ದೇನೆ. ರಿನೈಸಾನ್ಸ್ ಕಾಲಕ್ಕೆ ಬಂದು ನಿಂತಿದ್ದೇನೆ. ಕಾಂತುಸ್ ಫಿರ್ಮುಸ್ ಮಾಸ್, ಪ್ಯಾರಾಫ್ರೇಸ್ ಮಾಸ್, ಪ್ಯಾರಡಿ ಮಾಸ್ ಎಂಬ ಮೂರೂ ಒಂದೇ ಎನ್ನಿಸುತ್ತವೆ. ಇಟಲಿಯ ಸಂಯೋಜಕ ಪ್ಯಾಲೆಸ್ಟ್ರಿನಾ ಬಹುಧ್ವನಿ ಸಂಗೀತವನ್ನು ನಿಷೇಧದಿಂದ ಉಳಿಸಿದ ಎಂದು ನನ್ನ ಟಿಪ್ಪಣಿಯಲ್ಲಿದೆ, ಅದು ನಿಜವೇ?

ಬೆಂಗಳೂರಿನಲ್ಲಿ ಪಿಯಾನೊ ಮತ್ತು ಸಂಗೀತಶಾಸ್ತ್ರ ಕಲಿಸುವವರು

ಪ್ಯಾಲೆಸ್ಟ್ರಿನಾನ ಕಥೆಯನ್ನು ಕಥೆಯೆಂದೇ ಬರೆಯಿರಿ. ಕ್ಯಾಥೊಲಿಕ್ ಚರ್ಚಿನ ಟ್ರೆಂಟ್ ಸಭೆ 1545ರಿಂದ 1563ರವರೆಗೆ ನಡೆಯಿತು. ಸಂಗೀತದ ಬಗ್ಗೆ ಅದು ಹೇಳಿದ್ದು ಕೆಲವೇ ಮಾತು: ಪೂಜೆಯಲ್ಲಿ ಅಶುದ್ಧವಾದುದು, ಚಪಲವಾದುದು ಸೇರಬಾರದು. ಬಹುಧ್ವನಿಯನ್ನು ನಿಷೇಧಿಸಲಿಲ್ಲ. ಮಾತು ಸ್ಪಷ್ಟವಾಗಿ ಕೇಳಿಸಬೇಕು ಎಂಬ ಒತ್ತಾಯವಂತೂ ಆ ದಿನಗಳಲ್ಲಿ ಇತ್ತು. ಆ ಕಥೆ ಹೇಳುವುದು ಪ್ಯಾಲೆಸ್ಟ್ರಿನಾನ ಪೋಪ್ ಮಾರ್ಸೆಲ್ಲಸ್ ಹೆಸರಿನ ಮಾಸ್ ಬಗ್ಗೆ. ಅದು 1567ರಲ್ಲಿ ಅಚ್ಚಾಯಿತು. ಆ ಪೋಪ್ 1555ರಲ್ಲಿ ಮೂರು ವಾರ ಮಾತ್ರ ಪೀಠದಲ್ಲಿದ್ದವರು. ಅದರ ಗ್ಲೋರಿಯಾ, ಕ್ರೇದೊ ಕೇಳಿದರೆ ಆರು ಧ್ವನಿಗಳಿದ್ದರೂ ಮಾತು ಎಷ್ಟು ತಿಳಿಯಾಗಿ ಬರುತ್ತದೆ ಎಂಬುದು ಗೊತ್ತಾಗುತ್ತದೆ. ಕಥೆ ಏಕೆ ಹುಟ್ಟಿತು ಎಂಬುದೂ ಅಲ್ಲೇ ತಿಳಿಯುತ್ತದೆ.

ಮೂರು ಮಾಸ್‌ಗಳ ವಿಷಯ. ಹಳೆಯ ಹಾಡನ್ನು ಹೊಸ ಕೃತಿಯಲ್ಲಿ ಎಲ್ಲಿ ಇಟ್ಟಿದ್ದಾರೆ ಎಂದು ಹುಡುಕಿದರೆ ಗೊಂದಲ ಉಳಿಯುವುದಿಲ್ಲ. ಹಾಡು ಒಂದೇ ಧ್ವನಿಯಲ್ಲಿ, ಸಾಮಾನ್ಯವಾಗಿ ಟೆನರ್‌ನಲ್ಲಿ, ದೀರ್ಘ ಸ್ವರಗಳಲ್ಲಿ ಕಂಬದಂತೆ ನಿಂತಿದ್ದರೆ ಕಾಂತುಸ್ ಫಿರ್ಮುಸ್. ಲೋಮ್ ಆರ್ಮೇ ಎಂಬ ಸೈನಿಕರ ಹಾಡೊಂದನ್ನೇ ಹೀಗೆ ಇಟ್ಟುಕೊಂಡು 40ಕ್ಕೂ ಹೆಚ್ಚು ಮಾಸ್‌ಗಳು ಹುಟ್ಟಿವೆ. ಹಾಡನ್ನು ಬಿಡಿಸಿ, ಅಲಂಕರಿಸಿ ಎಲ್ಲ ಧ್ವನಿಗಳಿಗೂ ಹಂಚಿದ್ದರೆ ಪ್ಯಾರಾಫ್ರೇಸ್. ಜೊಸ್ಕನ್‌ನ ಪಾಂಜೆ ಲಿಂಗ್ವಾ ಮಾಸ್ ಇದಕ್ಕೆ ಒಳ್ಳೆಯ ಉದಾಹರಣೆ. ಒಂದು ಧಾಟಿಯನ್ನಲ್ಲ, ಪೂರ್ತಿ ಬಹುಧ್ವನಿ ಕೃತಿಯನ್ನೇ, ಅದರ ಎಲ್ಲ ಧ್ವನಿಗಳ ಹೆಣಿಗೆಯೊಂದಿಗೆ ಎತ್ತಿಕೊಂಡು ಹೊಸದಾಗಿ ಬೆಳೆಸಿದ್ದರೆ ಪ್ಯಾರಡಿ. ವಿಕ್ತೋರಿಯಾ ತನ್ನದೇ ಓ ಮಾಗ್ನುಮ್ ಮಿಸ್ತೇರಿಯುಮ್ ಮೊಟೆಟ್‌ನಿಂದ ಅದೇ ಹೆಸರಿನ ಮಾಸ್ ಮಾಡಿದ. ನಮ್ಮ ಮಕ್ಕಳು ಪ್ಯಾರಡಿ ಎಂದೊಡನೆ ಅಣಕ ಎಂದು ಬರೆದುಬಿಡುತ್ತಾರೆ. ಇಲ್ಲಿ ಅಣಕವಿಲ್ಲ, ಗೌರವವಿದೆ. ಆ ಗೊಂದಲ ತಪ್ಪಿಸಲು ಈಚಿನ ಪುಸ್ತಕಗಳು ಇಮಿಟೇಷನ್ ಮಾಸ್ ಎಂದು ಕರೆಯುತ್ತವೆ. ಆದರೆ ಇಮಿಟೇಷನ್ ಎಂಬುದೇ ಬೇರೊಂದು ಚೀಟಿ: ಒಂದು ಧ್ವನಿ ಹಾಡಿದ ಎಳೆಯನ್ನು ಇನ್ನೊಂದು ಧ್ವನಿ ತುಸು ತಡವಾಗಿ ಎತ್ತಿಕೊಳ್ಳುವುದು. ಎರಡನ್ನೂ ಬೇರೆಬೇರೆ ಇಡಿ.

ಮ್ಯಾಡ್ರಿಗಲ್, ಅಂದರೆ ಕವಿತೆಗೆ ಹಲವು ಧ್ವನಿಗಳಲ್ಲಿ ಕಟ್ಟಿದ ಹಾಡು, ಕೂಡ ಎರಡು. ಹದಿನಾಲ್ಕನೆಯ ಶತಮಾನದ ಇಟಲಿಯದು ಎರಡು ಮೂರು ಧ್ವನಿಗಳದು. ಮೂರು ಮೂರು ಸಾಲಿನ ಪದ್ಯಗಳಿಗೆ ಒಂದೇ ಸಂಗೀತ, ಕೊನೆಗೆ ರಿಟೊರ್ನೆಲ್ಲೊ. ಹದಿನಾರನೆಯ ಶತಮಾನದ್ದಕ್ಕೆ ಹೆಸರು ಬಿಟ್ಟರೆ ಅದರೊಂದಿಗೆ ನೆಂಟಸ್ತಿಕೆ ಇಲ್ಲ. ಅಲ್ಲಿ ಸಾಲುಸಾಲಿಗೂ ಮಾತಿನ ಭಾವಕ್ಕೆ ತಕ್ಕ ಹೊಸ ಸಂಗೀತ. ಮಾತಿನ ಅರ್ಥವನ್ನು ಸ್ವರಗಳಲ್ಲೇ ಚಿತ್ರಿಸುವ ವರ್ಡ್ ಪೇಂಟಿಂಗ್ ಎಂಬುದಕ್ಕೆ ನಾನು ಯಾವಾಗಲೂ ಥಾಮಸ್ ವೀಲ್ಕ್ಸ್‌ನ ಮ್ಯಾಡ್ರಿಗಲ್ ಕೇಳಿಸುತ್ತೇನೆ. 1601ರಲ್ಲಿ ಎಲಿಜಬೆತ್ ರಾಣಿಯ ಗೌರವಕ್ಕಾಗಿ ಅಚ್ಚಾದ ಸಂಗ್ರಹದಲ್ಲಿದೆ, ಆರು ಧ್ವನಿಗಳದು. ಬೆಟ್ಟ ಇಳಿಯುವ ಮಾತಿಗೆ ಸ್ವರಗಳು ಇಳಿಯುತ್ತವೆ. "ಇಬ್ಬಿಬ್ಬರಾಗಿ" ಎಂಬಲ್ಲಿ ಎರಡೇ ಧ್ವನಿ, "ಮೂವರು ಮೂವರಾಗಿ" ಎಂಬಲ್ಲಿ ಮೂರು, "ಒಟ್ಟಾಗಿ" ಎಂದಾಗ ಎಲ್ಲರೂ. ದೇವಿಯನ್ನು ಒಂಟಿಯಾಗಿ ಬಿಟ್ಟರು ಎಂಬಲ್ಲಿ ಎಲ್ಲ ಧ್ವನಿಗಳೂ ನಿಂತು ಒಂದೇ ಒಂದು ಉಳಿಯುತ್ತದೆ. ಹಾಳೆಯಲ್ಲಿ ಬೆರಳಿಟ್ಟು ಕೇಳಿದ ಮಕ್ಕಳು ವರ್ಷಗಳ ನಂತರವೂ ನೆನಪಿಟ್ಟಿರುತ್ತಾರೆ.

ಇನ್ನೊಂದು ದಿನಾಂಕ ಬಿಡಬೇಡಿ: 1501, ವೆನಿಸ್, ಪೆಟ್ರುಚ್ಚಿ. ಬಹುಧ್ವನಿ ಸಂಗೀತ ಚಲಿಸುವ ಮೊಳೆಗಳಿಂದ ಮೊದಲು ಅಚ್ಚಾದದ್ದು ಆಗ.

ಅಮೆರಿಕದಲ್ಲಿ ಬರೋಕ್ ತಂಡವೊಂದರಲ್ಲಿ ಚೆಲ್ಲೊ ನುಡಿಸುವ ಧಾರವಾಡದವಳು

ಬರೋಕ್ ಬಗ್ಗೆ ಇನ್ನೂ ಯಾರೂ ಬರೆದಿಲ್ಲವೆಂದು ಸೇರಿಕೊಳ್ಳುತ್ತಿದ್ದೇನೆ. ಬರೋಕ್ ಎಂದರೆ ಓರೆಕೋರೆಯಾದ ಮುತ್ತು. ಪೋರ್ಚುಗೀಸ್ ಬರ್ರೊಕೊದಿಂದ ಬಂತು ಎನ್ನುತ್ತಾರೆ. ಅದು ಬೈಗುಳವಾಗಿ ಹುಟ್ಟಿದ ಪದ. 1600ರಿಂದ 1750 ಎಂಬ ಗಡಿ ನಂತರದವರು ಹಾಕಿದ್ದು.

ಈ ಕಾಲದ ಎಲ್ಲ ಪದಗಳಿಗೂ ಕೀಲಿಕೈ ಬಾಸ್ಸೊ ಕಾಂಟಿನ್ಯುಓ. ನಾನು ದಿನವೂ ಮಾಡುವ ಕೆಲಸ ಅದೇ. ಸಂಯೋಜಕ ಕೆಳಗಿನ ಒಂದು ಸಾಲು ಮಾತ್ರ ಬರೆದು ಅದಕ್ಕೆ ಅಂಕಿಗಳನ್ನು ಹಾಕುತ್ತಾನೆ. 6 ಎಂದಿದ್ದರೆ ಆ ಸ್ವರದ ಮೇಲೆ ಮೂರನೆಯದೂ ಆರನೆಯದೂ ಬರಬೇಕು. ಏನೂ ಇಲ್ಲದಿದ್ದರೆ ಮೂರು ಮತ್ತು ಐದು. ಇದು ಫಿಗರ್ಡ್ ಬಾಸ್. ನಾನು ಆ ಸಾಲನ್ನು ಚೆಲ್ಲೊದಲ್ಲಿ ನುಡಿಸುತ್ತೇನೆ, ಹಾರ್ಪ್ಸಿಕಾರ್ಡ್‌ನವರು ಅಂಕಿ ನೋಡಿ ಆ ಕ್ಷಣದಲ್ಲೇ ಮೇಲಿನದನ್ನು ತುಂಬುತ್ತಾರೆ. ಹೀಗೆ ಒಂದು ಸಾಲಿಗೆ ಇಬ್ಬರು. ಆದ್ದರಿಂದಲೇ ಟ್ರಯೊ ಸೊನಾಟಾದಲ್ಲಿ ಸಾಮಾನ್ಯವಾಗಿ ನಾಲ್ವರು ಕೂರುತ್ತಾರೆ. ಮೂರು ಎಂಬುದು ಧಾಟಿಗಳ ಲೆಕ್ಕ, ಜನರದ್ದಲ್ಲ. ಪರೀಕ್ಷೆಯಲ್ಲಿ ಇದನ್ನು ಕೇಳುವುದು ಹೆಚ್ಚು.

ನೀವು ಒಂದೇ ಒಂದು ತುಣುಕು ಕೇಳುವುದಾದರೆ ಪರ್ಸೆಲ್‌ನ ಡೈಡೊ ಮತ್ತು ಈನಿಯಸ್ ಅಪೆರಾದ ಕೊನೆಯ ವಿಲಾಪ ಕೇಳಿ. 1689ರ ಹೊತ್ತಿಗೆ ಲಂಡನ್ನಿನ ಚೆಲ್ಸಿಯಲ್ಲಿ ಹುಡುಗಿಯರ ಶಾಲೆಯೊಂದರಲ್ಲಿ ಆಡಿದ ಕೃತಿ. ಮೊದಲು ರಾಣಿ ತನ್ನ ಸಖಿಗೆ ಹೇಳುವ ಮಾತು, ಮಾತಿನ ಲಯದಲ್ಲೇ ಹಾಡು: ರೆಸಿಟೇಟಿವ್. ಅದು ಮುಗಿದೊಡನೆ ನಾನು ಒಬ್ಬಳೇ ಶುರುಮಾಡುತ್ತೇನೆ. ಜಿ, ಎಫ್ ಶಾರ್ಪ್, ಎಫ್, ಇ, ಇ ಫ್ಲಾಟ್, ಡಿ. ಅರ್ಧರ್ಧ ಮೆಟ್ಟಿಲು ಇಳಿದು, ನಿಲುಗಡೆಗೆ ಬಂದು, ಮತ್ತೆ ಮೇಲಿನ ಜಿ. ಐದು ಬಾರ್‌ಗಳ ಆ ಸಾಲು ಹನ್ನೊಂದು ಬಾರಿ ಬರುತ್ತದೆ. ಅದು ಗ್ರೌಂಡ್ ಬಾಸ್. ಮೇಲೆ ಹಾಡುವುದು ಏರಿಯಾ. ನನ್ನ ಸಾಲು ಮುಗಿದ ಕಡೆ ಅವಳ ಸಾಲು ಮುಗಿಯುವುದಿಲ್ಲ; ನಾನು ಹೊಸ ಸುತ್ತು ಶುರುಮಾಡಿದ ಮೇಲೂ ಅವಳು ಹಿಂದಿನ ಮಾತಿನಲ್ಲೇ ಇರುತ್ತಾಳೆ. ಸಾವು ತನ್ನ ಹೆಜ್ಜೆ ಬದಲಿಸುವುದಿಲ್ಲ, ಅವಳು ಇನ್ನಷ್ಟು ಹೊತ್ತು ಬೇಡುತ್ತಿದ್ದಾಳೆ ಎಂದು ನನಗೆ ಅನ್ನಿಸುತ್ತದೆ. ಎಂಟನೆಯ ಸುತ್ತಿನ ಹೊತ್ತಿಗೆ ಬಿಲ್ಲು ಹಿಡಿದ ಕೈ ನಡುಗದಂತೆ ನೋಡಿಕೊಳ್ಳುವುದೇ ಕೆಲಸವಾಗುತ್ತದೆ. ನಾಲ್ಕೈದು ನಿಮಿಷದಲ್ಲಿ ನಿಮ್ಮ ನಾಲ್ಕು ಚೀಟಿ ಮುಗಿಯಿತು.

ರೆಸಿಟೇಟಿವ್ ಎಲ್ಲಿಂದ ಬಂತು ಎಂದರೆ ಫ್ಲಾರೆನ್ಸ್‌ನ ಕೌಂಟ್ ಬಾರ್ದಿಯ ಗೆಳೆಯರ ಗುಂಪಿಗೆ ಹೋಗಬೇಕು. ಗ್ರೀಕ್ ನಾಟಕದಲ್ಲಿ ಮಾತು ಹಾಡಾಗುತ್ತಿತ್ತು ಎಂದು ನಂಬಿದವರು ಅವರು. ಹೆಣೆದ ಧ್ವನಿಗಳಲ್ಲಿ ಮಾತು ಮುಳುಗುತ್ತದೆ, ಒಂದು ಕಂಠ ಸಾಕು ಎಂದರು. ಅದು ಮಾನೊಡಿ. ಪೆರಿಯ ಎವುರಿದಿಚೆ 1600ರದು, ಕಾಚ್ಚಿನಿಯ ಹಾಡುಗಳ ಪುಸ್ತಕ 1602ರದು, ಮಾಂಟೆವರ್ಡಿಯ ಓರ್ಫೆಯೊ 1607ರದು. ಮಾಂಟೆವರ್ಡಿಯ ಮ್ಯಾಡ್ರಿಗಲ್‌ಗಳಲ್ಲಿ ಅಪಸ್ವರಗಳನ್ನು ನಿಯಮ ಮೀರಿ ಬಳಸಲಾಗಿದೆ ಎಂದು ಆರ್ತೂಸಿ 1600ರಲ್ಲಿ ಟೀಕಿಸಿದ. 1605ರ ಐದನೆಯ ಮ್ಯಾಡ್ರಿಗಲ್ ಪುಸ್ತಕದ ಮುನ್ನುಡಿಯಲ್ಲಿ ಮಾಂಟೆವರ್ಡಿ ತನ್ನದು ಎರಡನೆಯ ಪದ್ಧತಿ, ಸೆಕೊಂದಾ ಪ್ರಾಟಿಕಾ ಎಂದ. ಮಾತು ಒಡತಿ, ಸಂಗೀತ ಅವಳ ಸೇವಕಿ ಎಂಬುದು ಆ ಪದ್ಧತಿಯ ತಿರುಳು.

"ಯಾವ ಕಾಲದಲ್ಲಿ" ಎಂಬ ಪ್ರಶ್ನೆ ನಮ್ಮ ಕಡೆಯೂ ಬೇಕು. ಕನ್ಚೆರ್ಟೊ ಎಂದೊಡನೆ ಪಿಟೀಲು ಕಲಿಯುವವರಿಗೆ ವಿವಾಲ್ಡಿ ನೆನಪಾಗುತ್ತಾನೆ. ಆದರೆ 1602ರಲ್ಲಿ ವಿಯಾದಾನ ಅಚ್ಚು ಹಾಕಿಸಿದ ನೂರು ಕನ್ಚೆರ್ಟೊಗಳು ಚರ್ಚಿನ ಹಾಡುಗಳು. ನಾವು ಕಾಂಟಾಟಾ ಎನ್ನುವ ಕೃತಿಗಳಲ್ಲಿ ಅನೇಕವನ್ನು ಬಾಖ್ ಸ್ವತಃ ಕನ್ಚೆರ್ಟೊ ಎಂದೇ ಕರೆದಿದ್ದಾನೆ. ಕನ್ಚೆರ್ಟೊ ಗ್ರೋಸ್ಸೊ ಬೇರೆ: ಚಿಕ್ಕ ಗುಂಪು ಕನ್ಚೆರ್ಟಿನೊ, ದೊಡ್ಡ ಗುಂಪು ರಿಪಿಯೆನೊ, ಅಂದರೆ ತುಂಬಿದ್ದು. ಕೊರೆಲ್ಲಿ 1713ರಲ್ಲಿ ತೀರಿಕೊಂಡ ಮರುವರ್ಷ ಅಚ್ಚಾದ ಅವನ ಹನ್ನೆರಡು ಇದಕ್ಕೆ ಮಾದರಿ. ಅಲ್ಲಿ ಚಿಕ್ಕ ಗುಂಪೆಂದರೆ ಎರಡು ಪಿಟೀಲು, ಒಂದು ಚೆಲ್ಲೊ. ರಿಟೊರ್ನೆಲ್ಲೊ ಈ ಕಾಲದಲ್ಲಿ ಇಡೀ ತಂಡ ಮತ್ತೆ ಮತ್ತೆ ತರುವ ಭಾಗ. ಪಿಯಾನೊ ಕಲಿಸುವವರು ಹೇಳಿದ ಹದಿನಾಲ್ಕನೆಯ ಶತಮಾನದ ರಿಟೊರ್ನೆಲ್ಲೊ ಒಮ್ಮೆ ಬಂದು ಹೋಗುವ ಕೊನೆಯ ಸಾಲು. ಫುಗಾ ಎಂದರೆ ರಿನೈಸಾನ್ಸ್‌ನಲ್ಲಿ ನಾವು ಈಗ ಕ್ಯಾನನ್ ಎನ್ನುವುದು (ಒಂದೇ ಧಾಟಿಯನ್ನು ಒಬ್ಬರ ಹಿಂದೆ ಒಬ್ಬರು ಹಾಡುವುದು), ಬಾಖ್‌ನಲ್ಲಿ ಫ್ಯೂಗ್. ಸಬ್ಜೆಕ್ಟ್ ಎಂಬ ಮುಖ್ಯ ಎಳೆ ಒಂದು ಧ್ವನಿಯಲ್ಲಿ ಬಂದು, ಆನ್ಸರ್ ಎಂಬ ಅದರ ಉತ್ತರ ಇನ್ನೊಂದು ಧ್ವನಿಯಲ್ಲಿ ಪಂಚಮದಲ್ಲಿ ಬರುವುದು. ಬಾಖ್‌ನ ವೆಲ್-ಟೆಂಪರ್ಡ್ ಕ್ಲೇವಿಯರ್‌ನ ಮೊದಲ ಭಾಗ 1722ರದು, 24 ಶ್ರುತಿಗಳಲ್ಲಿ ಪ್ರೆಲ್ಯೂಡ್ ಮತ್ತು ಫ್ಯೂಗ್. ವೆಲ್-ಟೆಂಪರ್ಡ್ ಎಂದರೆ ಹನ್ನೆರಡು ಸ್ವರಸ್ಥಾನಗಳನ್ನು ಸಮನಾಗಿ ಹಂಚಿದ್ದು ಎಂದು ಬರೆಯಬೇಡಿ. ಎಲ್ಲ ಶ್ರುತಿಯಲ್ಲೂ ನುಡಿಸಲು ಬರುವಂತೆ ಚೆನ್ನಾಗಿ ಹದಮಾಡಿದ್ದು, ಅಷ್ಟೇ. ಹಾಗೆ ಹದಮಾಡಲು ಒಂದಕ್ಕಿಂತ ಹೆಚ್ಚು ದಾರಿಗಳಿದ್ದವು.

ಕೇಳಿದವರು

ಚೀಟಿಗಳ ಹಿಂದೆ ಈಗ ಅರ್ಥಕ್ಕಿಂತ ಮೊದಲು ಶತಮಾನ ಬರೆದಿದ್ದೇನೆ. ಟೆನರ್‌ಗೆ ಮೂರು ಚೀಟಿ, ಮೊಟೆಟ್‌ಗೆ ನಾಲ್ಕು. ನಿನ್ನೆ ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಡೈಡೊಳ ವಿಲಾಪದ ಸಾಲನ್ನು ಪಿಟೀಲಿನ ಕೆಳಗಿನ ತಂತಿಯಲ್ಲಿ, ಒಂದು ಸ್ಥಾಯಿ ಮೇಲೆ, ಮೆಲ್ಲಗೆ ಹನ್ನೊಂದು ಬಾರಿ ನುಡಿಸಿದೆ. ಬಿಡಲು ಮನಸ್ಸು ಬರಲಿಲ್ಲ.

ಮಂಗಳೂರಿನ ಹಿರಿಯರಿಗೆ ಒಂದು ಪ್ರಶ್ನೆ. ಎಡಗೈಯಲ್ಲಿ ಗ್ವಿದೊನ ಕೈಯನ್ನು ಪೆನ್ನಿನಿಂದ ಗುರುತು ಹಾಕಿಕೊಂಡೆ. ನಾಲ್ಕು ಬೆರಳುಗಳಲ್ಲಿ ನಾಲ್ಕು ನಾಲ್ಕು ಜಾಗ, ಹೆಬ್ಬೆರಳಲ್ಲಿ ಮೂರು, ಒಟ್ಟು ಹತ್ತೊಂಬತ್ತು. ಸ್ವರಗಳು ಇಪ್ಪತ್ತು ಎಂದು ಪುಸ್ತಕದಲ್ಲಿದೆ. ಕೊನೆಯದು ಎಲ್ಲಿ?

ಮಂಗಳೂರಿನ ಚರ್ಚ್ ಗಾಯಕವೃಂದದ ಹಿರಿಯ

ಸರಿಯಾಗಿ ಎಣಿಸಿದ್ದೀ ಮಗಳೇ. ಅತಿ ಎತ್ತರದ ಆ ಸ್ವರಕ್ಕೆ ಕೈಯಲ್ಲಿ ಜಾಗವಿಲ್ಲ. ಅದನ್ನು ನಡುಬೆರಳಿನ ತುದಿಗಿಂತ ಮೇಲೆ, ಬೆರಳಿನ ಹೊರಗೆ ಬರೆಯುತ್ತಾರೆ. ನಮ್ಮ ಮಕ್ಕಳು ಅದನ್ನು ಹಾಡುವಾಗ ಇನ್ನೊಂದು ಕೈಯನ್ನು ಗಾಳಿಯಲ್ಲಿ ಎತ್ತಿ ತೋರಿಸುತ್ತಾರೆ.